ಚೀಲಕ್ಕೆ ಎಂಟಾಣೆ ಒಲ್ಲೆನೆಂದ ಬೂದೆಪ್ಪ

ಆ ವರ್ಷ ನಾನು ‘ಆಯ್ತ್ರಿ’ ಎಂದದ್ದಕ್ಕೆ ನನಗೆ ಬಿದ್ದ ಖರ್ಚು ಇಷ್ಟು: ಒಂದು ಸೈಕಲ್ಲು, ಮಾವನವರು ಮದುವೆಯಲ್ಲಿ ಕೊಟ್ಟ ಕೈಗಡಿಯಾರ, ಮತ್ತು ಹೆಂಡತಿಯಿಂದ ಇವತ್ತಿನ ತನಕ ಕೇಳುತ್ತಿರುವ ಮಾತು. ಅದೇ ದಿನ, ಅದೇ ಅಂಗಡಿಯ ಚಾಪೆಯ ಮೇಲೆ ನನ್ನ ಪಕ್ಕದಲ್ಲಿ ಕುಳಿತು ಬೂದೆಪ್ಪ ‘ಒಲ್ಲೆರೀ’ ಎಂದ. ಅವನಿಗೆ ಬಿದ್ದ ಖರ್ಚು ಮೂರು ವಾರದ ಖಾನಾವಳಿ ಊಟ. ಇಬ್ಬರಿಗೂ ಬಂದ ಮಾತು ಒಂದೇ, ಹೇಳಿದ ಸಾಹುಕಾರರೂ ಒಬ್ಬರೇ. ಓದಿದವನು ನಾನು, ಲೆಕ್ಕ ಬಲ್ಲವನು ನಾನು. ಆದರೆ ನಾನು ಮೂರು ತಿಂಗಳಿಗೆ ಲೆಕ್ಕ ಹಾಕಿದೆ, ಬೂದೆಪ್ಪ ಹನ್ನೆರಡು ತಿಂಗಳಿಗೆ ಹಾಕಿದ. ನನ್ನ ಸೈಕಲ್ಲು ಹೋದದ್ದು ಉಳಿದ ಒಂಬತ್ತು ತಿಂಗಳಲ್ಲಿ.

ಬೂದೆಪ್ಪನನ್ನು ಕಂಡವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಅವನಲ್ಲ, ಅವನ ಟವೆಲ್ಲು. ಅದು ಒಂದು ಕಾಲಕ್ಕೆ ಬಿಳಿ ಇತ್ತಂತೆ. ನಾನು ನೋಡುವಷ್ಟರಲ್ಲಿ ಅವನ ಊರು ಮಸರಕಲ್ಲಿನ ಮಣ್ಣಿನ ಬಣ್ಣಕ್ಕೆ ಬಂದು ನಿಂತಿತ್ತು. ಬಿಸಿಲಲ್ಲಿ ರುಮಾಲು, ಬಸ್ಸಿನಲ್ಲಿ ಕಿಟಕಿಯಿಂದ ಎಸೆದು ಸೀಟು ಹಿಡಿಯುವ ಸಾಮಾನು, ಸಂತೆಯಲ್ಲಿ ಗಂಟು, ಮಧ್ಯಾಹ್ನ ಹಾಸಿಗೆ. ಇವೆಲ್ಲ ಅದರ ಚಿಲ್ಲರೆ ಕೆಲಸ. ಅದರ ಅಸಲು ಕೆಲಸ ವ್ಯಾಪಾರ. ಪ್ರಾಯದಲ್ಲಿ ಬೂದೆಪ್ಪ ದೇವದುರ್ಗ, ಮಾನ್ವಿಯ ಸಂತೆಗಳಲ್ಲಿ ಎತ್ತಿನ ದಲಾಲಿ. ಎತ್ತಿನ ಸಂತೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ, ಎರಡರ ಮೇಲೂ ಒಂದು ಟವೆಲ್ಲು. ಒಳಗೆ ಬೆರಳು ಹಿಡಿದು, ಒತ್ತಿ, ಬಿಟ್ಟು ಮಾತು ನಡೆಯುತ್ತದೆ. ಸುತ್ತ ನಿಂತ ಹತ್ತು ಜನಕ್ಕೆ ಎರಡು ಮುಖ ಕಾಣುತ್ತವೆ, ಅಷ್ಟೇ. ದಲಾಲಿ ಬಿಟ್ಟು ಎಷ್ಟೋ ವರ್ಷವಾದರೂ ಬೂದೆಪ್ಪ ದರವೆಂಬುದನ್ನು ಬಾಯಿಗೆ ತಂದವನಲ್ಲ. ರಾಯಚೂರಿನ ತೀನ್ ಕಂದೀಲಿನ ಹತ್ತಿರ ಕಾಯಿಪಲ್ಲೆ ಮಾರುವ ಹೆಂಗಸಿನ ಮುಂದೆ ಒಮ್ಮೆ ಅಭ್ಯಾಸಬಲದಿಂದ ಟವೆಲ್ಲು ಹಾಸಿ ಕೈ ಚಾಚಿಬಿಟ್ಟ. ಆಕೆ ಎದ್ದು ನಿಂತು, “ಅರ್ಧ ಕಿಲೋ ಬದನಿಕಾಯಿಗಿ ಕೈ ಹಿಡೀಬೇಕೇನೋ ಮುದುಕಾ? ಕರೀಲೇನು ನನ್ನ ಗಂಡನ್ನ?” ಎಂದು ಕೈಗೆ ಸಿಕ್ಕ ಬದನೆಕಾಯಿ ಎಸೆದಳು. ಬೂದೆಪ್ಪ ಅದನ್ನು ಹಿಡಿದು, ತಿರುಗಿಸಿ ನೋಡಿ, “ಹುಳಾ ಹಿಡದದ ಯವ್ವಾ” ಎಂದು ವಾಪಸು ಇಟ್ಟು ಬಂದ.

ಎತ್ತು ನೋಡುವ ಕಣ್ಣಿನಿಂದಲೇ ಅವನು ಜಗತ್ತನ್ನೆಲ್ಲ ನೋಡುತ್ತಿದ್ದ. ಹಲ್ಲು ನೋಡಬೇಕು, ನಡೆಸಿ ನೋಡಬೇಕು, ಕೂಡಿಸಿ ಎಬ್ಬಿಸಿ ನೋಡಬೇಕು. ಮಾನ್ವಿಯಲ್ಲಿ ಚಪ್ಪಲಿ ಕೊಳ್ಳುವಾಗ ನಾನೇ ಜೊತೆಗಿದ್ದೆ. ಚಪ್ಪಲಿ ಹೊಲಿಯುವವನಿಗೆ ಇವನು, “ಮೊದ್ಲು ನೀ ಹಾಕ್ಕೊಂಡು ನಾಕು ಹೆಜ್ಜಿ ನಡಿ ನೋಡಮು” ಎಂದ.

“ನಿನ್ನ ಕಾಲು ಬ್ಯಾರೆ, ನನ್ನ ಕಾಲು ಬ್ಯಾರೆ ಅಲ್ಲೇನು ಯಪ್ಪಾ?”

“ಚಪ್ಲಿ ಒಂದ ಅಲ್ಲೇನು? ಅದು ಹೆಂಗ ನಡೀತದ ಅಂಬೋದು ನೋಡಬೇಕು ನಾ. ನನ್ನ ಕಾಲಾಗಿದ್ರ ನನಗ ಹೆಂಗ ಕಾಣಸ್ತದ?”

ಆ ಪುಣ್ಯಾತ್ಮ ಬಸ್ ಸ್ಟ್ಯಾಂಡಿನ ತನಕ ನಡೆದು ತೋರಿಸಿದ. ಇವನು ಹಿಂದೆ ಹಿಂದೆ, ಬಗ್ಗಿ, ಹಿಮ್ಮಡಿ ನೋಡುತ್ತ ಹೋದ. ಕೊನೆಗೆ, “ಎಡಗಡೀದು ಸ್ವಲ್ಪ ಕುಂಟತದ” ಎಂದು ತೀರ್ಪು ಕೊಟ್ಟ. ಚಪ್ಪಲಿಯವನು, “ಕುಂಟೋದು ಚಪ್ಲಿ ಅಲ್ಲೋ ಮಾರಾಯಾ, ನಾನು! ಹುಟ್ಟಿದಾಗಿಂದ ಕುಂಟತೀನಿ” ಎಂದು ಹಣೆ ಹಣೆ ಬಡಿದುಕೊಂಡ. ನನಗೆ ಹೆಣ್ಣು ನೋಡಲು ಹೋದಾಗಲೂ ಬೂದೆಪ್ಪ ಕಾಕಾ (ನಾನು ಅವನನ್ನು ಕರೆಯುತ್ತಿದ್ದದ್ದು ಹಾಗೆಯೇ) ಬಂದಿದ್ದ. ಹುಡುಗಿಯ ಕಡೆ ಕಣ್ಣೆತ್ತಿ ನೋಡಲಿಲ್ಲ. ನನ್ನ ಮಾವನಾಗುವವರಿಗೆ, “ಬೀಗರೇ, ನಮ್ಮ ಹುಡುಗನ್ನ ಅಂಗಳದಾಗ ಒಂದು ಸುತ್ತು ನಡೆಸಿ ನೋಡ್ರಿ, ಆಮ್ಯಾಲ ನನಗ ಅನಬ್ಯಾಡ್ರಿ” ಎಂದ. ಅವರು ನಿಜಕ್ಕೂ ನಡೆಸಿದರು.

ಇವನ ಕಸುಬನ್ನು ಹೇಳಿಬಿಡುತ್ತೇನೆ. ರಾಯಚೂರು ಗಂಜಿನಲ್ಲಿ, ಅಂದರೆ ಕಾಳುಕಡಿಯ ಪೇಟೆಯಲ್ಲಿ, ಶರಣಪ್ಪ ಸಾಹುಕಾರರ ಶೇಂಗಾ ಅಂಗಡಿ. ನಾನು ಅಲ್ಲಿ ಗುಮಾಸ್ತ. ಯರಗೇರಾದಿಂದ ಬಂದು ಬಾಡಿಗೆ ಖೋಲಿ ಹಿಡಿದು, ಮದುವೆಯಾಗಿ ವರ್ಷ ಕಳೆದಿತ್ತು. ಬೂದೆಪ್ಪ ಖರೀದಿಯವನು. ಸಂತೆಯ ದಿನ ದೇವದುರ್ಗಕ್ಕೋ ಮಾನ್ವಿಗೋ ಹೋಗಿ, ರೈತರು ತಂದ ಶೇಂಗಾ ನೋಡಿ, ದರ ಮುರಿದು, ಅಂಗಡಿಗೆ ಚೀಲ ಕಳಿಸುವುದು ಅವನ ಕೆಲಸ, ಬರೆದುಕೊಳ್ಳುವುದು ನನ್ನದು. ಒಂದು ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದ. ಒಣಗಿದ ಕಾಯಿಯಾದರೆ ಒಳಗಿನ ಬೀಜ ಗಲಗಲ ಎನ್ನುತ್ತದೆ. ಹಸಿ ಇದ್ದರೆ ಸದ್ದಿಲ್ಲ. ಅವನ ಕಿವಿ ಒಮ್ಮೆಯೂ ತಪ್ಪಿದ್ದು ನಾನು ನೋಡಲಿಲ್ಲ. ಇದಕ್ಕೆ ಸಾಹುಕಾರರು ಕೊಡುತ್ತಿದ್ದದ್ದು ತಿಂಗಳಿಗೆ ಇನ್ನೂರು ರೂಪಾಯಿ, ಸಂತೆಯ ದಿನದ ಬಸ್ ಚಾರ್ಜು, ಖಾನಾವಳಿಯಲ್ಲಿ ಒಂದು ಊಟ, ದೀಪಾವಳಿಗೆ ಎರಡು ಧೋತರ, ಚಳಿಗೆ ಒಂದು ಕಂಬಳಿ. ಕುರುಬರ ಮನೆಯವನಿಗೆ ಸಾಹುಕಾರರ ಕಂಬಳಿ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. “ನಮ್ಮನಿ ಕಂಬಳಿ ಮಾರಾಕ, ಸಾವ್ಕಾರ್ರ ಕಂಬಳಿ ಹೊದಿಯಾಕ” ಎಂದಿದ್ದ.

ಇಂಥ ವ್ಯವಸ್ಥೆಗೆ ಒಂದು ದಸರೆಯ ಹಿಂದೆಮುಂದೆ ಹುಳ ಬಿತ್ತು. ಸಾಹುಕಾರರು ಆದೋನಿಗೆ ಹೋಗಿ ಬಂದಿದ್ದರು. ಆದೋನಿಗೆ ಹೋಗಿ ಬಂದಾಗಲೆಲ್ಲ ಅವರ ತಲೆಯಲ್ಲಿ ಏನಾದರೊಂದು ಹೊಸದು ಇರುತ್ತಿತ್ತು. ಹಿಂದಿನ ಸಲ ಬಂದದ್ದು ಗೋಡೆಗೆ ಗುಲಾಬಿ ಬಣ್ಣ. ಈ ಸಲ ನಮ್ಮಿಬ್ಬರನ್ನೂ ಕರೆದು ಚಹಾ ತರಿಸಿದರು. ಸಾಹುಕಾರರು ತಾವಾಗಿಯೇ ಚಹಾ ತರಿಸಿದ್ದು ನನ್ನ ನೌಕರಿಯಲ್ಲಿ ಅದೇ ಮೊದಲು. ಅಲ್ಲಿಯೇ ನಾನು ಎಚ್ಚರಾಗಬೇಕಿತ್ತು.

“ನೋಡ್ರೆಪಾ, ಆದೋನ್ಯಾಗ ಎಲ್ಲಾ ಅಂಗಡ್ಯಾಗೂ ಹಿಂಗ ಮಾಡ್ಯಾರ,” ಎಂದು ಶುರು ಮಾಡಿದರು. “ತಿಂಗಳ ಪಗಾರ, ಬಸ್ ಚಾರ್ಜು, ಊಟ, ಧೋತ್ರ, ಈ ಕಿರಿಕಿರಿ ಒಂದೂ ಇಲ್ಲ. ಎಷ್ಟು ಚೀಲ ಅಂಗಡಿಗಿ ಬರ್ತಾವೋ ಅಷ್ಟು ರೊಕ್ಕ. ಬೂದೆಪ್ಪಗ ಚೀಲಕ್ಕ ಎಂಟಾಣೆ, ಈರಣ್ಣಗ ನಾಕಾಣೆ. ದುಡದಷ್ಟು ನಿಮ್ದು. ಏನಂತೀರಿ?”

ಅದು ಸುಗ್ಗಿಯ ಹೊತ್ತು. ಸಂತೆಗೆ ಬಂಡಿಗಟ್ಟಲೆ ಶೇಂಗಾ ಬರುತ್ತಿತ್ತು. ನಾನು ಮನಸ್ಸಿನಲ್ಲೇ ಗುಣಿಸಿದೆ. ನನ್ನ ಪಗಾರದ ಎರಡು ಪಟ್ಟು ಬಂತು. ಸಾಹುಕಾರರು ಮನಸ್ಸು ಬದಲಿಸಿಬಿಟ್ಟಾರು ಎಂಬ ಗಾಬರಿಯಲ್ಲಿ ಬಾಯಲ್ಲಿದ್ದ ಚಹಾ ನುಂಗುವ ಮೊದಲೇ “ಆಯ್ತ್ರಿ” ಎಂದೆ. ಸ್ವಲ್ಪ ಅಂಗಿಯ ಮೇಲೂ ಬಿತ್ತು.

ಬೂದೆಪ್ಪ ಟವೆಲ್ಲು ಬಿಚ್ಚಿ ಹಾಸಿದ. “ಬಾಯಿಲೆ ಹೇಳಿದ್ದು ಊರಿಗಾತು. ನನಗ ಹೇಳೋದು ಇದರ ಕೆಳಗ ಹೇಳ್ರಿ ಯಪ್ಪಾ” ಎಂದ.

ಸಾಹುಕಾರರು ಅತ್ತಿತ್ತ ನೋಡಿದರು. ಆ ಟವೆಲ್ಲಿನ ವಾಸನೆ ಗಂಜಿಗೆಲ್ಲ ಗೊತ್ತಿತ್ತು: ಕುರಿಯದ್ದು, ನಶ್ಯದ್ದು, ಮೂರು ತಾಲೂಕಿನ ಧೂಳಿನದ್ದು. ಮುಖ ಒಂದು ಕಡೆ ತಿರುಗಿಸಿ ಕೈ ಒಳಗೆ ಹಾಕಿದರು. ಹಮಾಲರ ಖಾಜಾ ಚೀಲ ಹೊತ್ತುಕೊಂಡೇ ನಿಂತುಬಿಟ್ಟ. ಕೈ ಮೇಲೆ ಕೈ, ಮೇಲೆ ಬಟ್ಟೆ, ಎದುರುಬದುರು ಕುಳಿತ ಇಬ್ಬರು ಗಂಭೀರ ಗಂಡಸರನ್ನು ನೋಡಿ, “ಅಕ್ಕಿಕಾಳು ತರ್ಲೇನ್ರೀ ಸಾವ್ಕಾರ್ರೇ?” ಎಂದ.

“ನಡಿಯೋ ಮಂಗ್ಯಾ, ಚೀಲ ಇಳಸು!” ಎಂದರು ಸಾಹುಕಾರರು. ಆದರೆ ಕೈ ತೆಗೆಯಲಿಲ್ಲ. ಅವರ ಹುಬ್ಬು ಏರಿತು, ಇಳಿಯಿತು, ಮತ್ತೆ ಏರಿತು. ಬೂದೆಪ್ಪನ ಮುಖ ಗೋಡೆಯ ಹಾಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಅವನು ಮೆಲ್ಲಗೆ ಕೈ ಹಿಂದಕ್ಕೆ ಎಳೆದುಕೊಂಡು, ಟವೆಲ್ಲು ಕೊಡವಿ ಹೆಗಲಿಗೆ ಹಾಕಿದ. “ಒಲ್ಲೆರೀ.”

“ಯಾಕೋ? ಇನ್ನೂ ಏರಿಸೀನಲ್ಲೋ ಒಳಗ!”

“ಅದಕ್ಕ ಒಲ್ಲೆ ಅಂದೆ. ನಾ ಇನ್ನೂ ಬೆರಳ ಮುಟ್ಟಿರಲಿಲ್ಲ, ನೀವು ಏರಿದ್ರಿ. ಕೇಳದೇ ಏರೋ ಗಿರಾಕಿ ಕಂಡ್ರ ನನಗ ಹೆದರಿಕಿ ಬರ್ತದ ಯಪ್ಪಾ. ನನ್ನ ಹಳೇದು ನನಗ ಇರಲಿ.”

ಸಾಹುಕಾರರಿಗೆ ಇದು ತಾಗಿತು. ಬೂದೆಪ್ಪ ಆಚೆ ಹೋದ ಮೇಲೆ ನನ್ನನ್ನು ಹತ್ತಿರ ಕರೆದು, “ಆರು ತಿಂಗಳು ಕಟ್ಟಿ ಮ್ಯಾಲ ಕುಂತು ಪಗಾರ ತಿಂತಾನ. ಇನ್ನ ನಡಿಯೂದಿಲ್ಲ. ಅಮಾಸಿ ತನಕ ಟೈಮು. ನೀ ಹೇಳಿ ಒಪ್ಪಸು. ಒಪ್ಪಲಿಲ್ಲಂದ್ರ ಮನಿಗಿ ಕಳಸ್ತೀನಿ” ಎಂದರು. ನನಗೆ ಕಾಕಾನ ಮೇಲೆ ಸಿಟ್ಟೇ ಬಂತು. ಐವತ್ತೆಂಟೋ ಅರವತ್ತೋ ವಯಸ್ಸು. ನೌಕರಿ ಹೋದರೆ ಮತ್ತೆ ಯಾರು ಕರೆದಾರು? ಒಂದು ‘ಹೂಂ’ ಅನ್ನಲು ಇವನಿಗೇನು ರೋಗ?

ಮುಂದಿನ ಸಂತೆಗೆ ದೇವದುರ್ಗದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿದೆ. ಗಬ್ಬೂರು ಬಂತು, ಅವನು ಕಿಟಕಿಯಾಚೆ ಯಾರದೋ ಎತ್ತು ನೋಡುತ್ತಿದ್ದ. ಮಸರಕಲ್ಲು ಬಂತು, ಇಳಿಯುವವರಿಗೆಲ್ಲ ಕ್ಷೇಮ ಸಮಾಚಾರ ಕೇಳಿದ. ನನ್ನ ಮಾತಿಗೆ ಉತ್ತರ ಬಂದದ್ದು ದೇವದುರ್ಗದ ಶಂಕ್ರಮ್ಮನ ಖಾನಾವಳಿಯಲ್ಲಿ, ಎರಡನೆಯ ರೊಟ್ಟಿ ಮುಗಿದ ಮೇಲೆ.

“ಲೇ ಈರಣ್ಣ, ಎತ್ತು ಕೊಳ್ಳಾಗ ಏನು ಮಾಡ್ತೀವಿ?”

“ಹಲ್ಲು ನೋಡ್ತೀವಿ ಕಾಕಾ.”

“ಆಮ್ಯಾಲ?”

“ನಡಸ್ತೀವಿ.”

“ಹಂಗಾರ ನಿನ್ನ ನಾಕಾಣೆ ಎತ್ತನ್ನ ಒಂದು ವರ್ಷ ನಡಸು ನೋಡಮು.” ಜೇಬಿನಿಂದ ಹನ್ನೆರಡು ಶೇಂಗಾ ಕಾಯಿ ತೆಗೆದು ಬೆಂಚಿನ ಮೇಲೆ ಸಾಲಾಗಿ ಇಟ್ಟ. “ಆಶ್ವೀಜ. ಸಂತಿಗಿ ಶೇಂಗಾ ಬರ್ತದೇನು?”

“ಬರ್ತದ.”

“ತಗೋ ತಿನ್ನು.” ಮೊದಲನೆಯ ಕಾಯಿ ನನಗೆ ಕೊಟ್ಟ. “ಕಾರ್ತೀಕ?” ಬರುತ್ತದೆ ಎಂದೆ, ಅದೂ ನನಗೇ. ಮಾರ್ಗಶಿರವೂ ನನ್ನದೇ. ಪುಷ್ಯದಲ್ಲಿ ಸ್ವಲ್ಪ ಬರುತ್ತದೆ ಎಂದೆ. ಒಂಟಿ ಬೀಜದ ಸಣ್ಣ ಕಾಯಿ ಹುಡುಕಿ ಕೊಟ್ಟ. “ಮಾಘದಾಗ ಏನು ಬರ್ತದ?”

“ಹುಣಸಿಹಣ್ಣು.”

“ಹುಣಸಿಹಣ್ಣಿಗಿ ನಾಕಾಣೆ ಕೊಡ್ತೀನಿ ಅಂದಾರೇನು ಸಾವ್ಕಾರ್ರು?”

ಇಲ್ಲ ಎಂದೆ. ಆ ಕಾಯಿ ಅವನ ಜೇಬಿಗೆ ಹೋಯಿತು. ಫಾಲ್ಗುಣವೂ ಹೋಯಿತು, ಚೈತ್ರವೂ ಹೋಯಿತು. ವೈಶಾಖದಲ್ಲಿ ಮಾನ್ವಿ ಕಡೆ ಕಾಲುವೆಯ ನೀರಿನ ಬೆಳೆ ಬರುತ್ತದೆ ಎಂದು ಜಗಳ ಮಾಡಿ ಒಂದು ಕಾಯಿ ಗಿಟ್ಟಿಸಿಕೊಂಡೆ. ಆಮೇಲೆ ಬಿತ್ತುವ ಕಾಲ. ಬಿತ್ತುವ ಕಾಲದಲ್ಲಿ ಯಾರು ಮಾರುತ್ತಾರೆ? ಎಲ್ಲ ಮುಗಿದಾಗ ನಾನು ತಿಂದದ್ದು ಐದು, ಅವನ ಜೇಬಿನಲ್ಲಿ ಏಳು.

“ಅವು ನಿನ್ನವೇನು ಕಾಕಾ?”

“ನನ್ನವಲ್ಲಲೇ. ಸಾವ್ಕಾರ್ರವು. ಇವು ಏಳು ಉಳೀಲಿ ಅಂತಾನೇ ಆ ಐದಕ್ಕ ಇಷ್ಟು ಬೆಲ್ಲ ಹಚ್ಚ್ಯಾರ.”

ಶಂಕ್ರಮ್ಮ ಸಾರಿನ ಸೌಟು ಹಿಡಿದು ನಿಂತು ಕೇಳುತ್ತಿದ್ದಳು. “ಹಂಗಾರ ಊಟಾನೂ ಬಂದ್ ಮಾಡ್ತಾರೇನೋ ಬೂದಣ್ಣ?” ಎಂದಳು.

“ಮಾಡ್ತೀನಿ ಅಂದಾರವ್ವಾ. ಸಾವ್ಕಾರ್ರು ರೊಟ್ಟಿ ಲೆಕ್ಕಾ ಹಾಕ್ಯಾರ. ಇಲ್ಲಿ ಕುಂತಾಗ ಯಾರ ಹೊಲದಾಗ ಮಳಿ ಬಿತ್ತು, ಯಾರು ಹಸೀದು ಕಿತ್ತಾರ ಅಂತ ನನ್ನ ಕಿವಿಗಿ ಬೀಳ್ತದಲ್ಲ, ಅದು ಅವರ ವಹಿಯಾಗಿಲ್ಲ.”

ಊಟ ಮಾಡಿ ಸಂತೆಗೆ ಬಂದೆವು. ಗೂಗಲ್ಲು ಎಂಬ ಹಳ್ಳಿಯ ರೈತ ನಿಂಗಪ್ಪ ನಲವತ್ತು ಚೀಲ ತಂದಿದ್ದ. ತುಂಬಿದ ಕಾಯಿ, ನೋಡಲು ಚೆಂದ. ಬೂದೆಪ್ಪ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಇಳಿಸಿದ. “ಹಸಿ ಅದ ನಿಂಗಣ್ಣ. ಮೂರು ದಿನ ಬಿಸಲಿಗಿ ಹಾಕ್ಕೊಂಡು ಬಾ.”

ನಲವತ್ತು ಚೀಲ. ಹತ್ತು ರೂಪಾಯಿ. ನನ್ನ ಹತ್ತು ರೂಪಾಯಿ ಬಂಡಿಯ ಮೇಲೇ ಗೂಗಲ್ಲಿಗೆ ವಾಪಸು ಹೋಗುತ್ತಿತ್ತು. “ಕಾಕಾ, ಅಷ್ಟೇನೂ ಹಸಿ ಇಲ್ಲ ಬಿಡು. ನಾಕು ದಿನದಾಗ ಗೋದಾಮಿನಾಗ ತಾನೇ ಆರ್ತದ” ಎಂದೆ.

ಬೂದೆಪ್ಪ ನನ್ನ ಮುಖವನ್ನು ಹಲ್ಲು ನೋಡುವ ಹಾಗೆ ನೋಡಿದ. “ಮೊನ್ನಿ ತನಕ ಇಂಥಾ ಮಾಲು ಕಂಡ್ರ ಮೂಗು ಮುಚ್ಚಿಗೊಂತಿದ್ದಿ. ಇವತ್ತ ನಿನಗ ಗಂಧದ ವಾಸನಿ ಬರಾಕತ್ತದ. ನಾಕಾಣೆಗೇ ನಿನ್ನ ಮೂಗು ಹಿಂಗಾತು. ಎಂಟಾಣೆಗಿ ನನ್ನ ಕಿವಿ ಏನಾಗಬ್ಯಾಡ?”

ನಿಂಗಪ್ಪ ಬಂಡಿ ತಿರುಗಿಸಿದ. ಆದರೂ ಬರುವ ಬಸ್ಸಿನಲ್ಲಿ ಕೇಳಿದೆ: “ನೌಕರಿ ಹೋದ್ರ ಏನು ಮಾಡ್ತಿ?”

ಅವನು ಟವೆಲ್ಲು ಮಡಚಿ ತೊಡೆಯ ಮೇಲಿಟ್ಟುಕೊಂಡ. “ಹೋದ್ರ ತ್ರಾಸ ಅದ” ಎಂದ. “ಕುರಿ ಹಿಂದ ಓಡೋ ಕಾಲು ಈಗಿಲ್ಲ. ತಮ್ಮನ ಮನ್ಯಾಗ ಕುಂತು ಉಂಡ್ರ ಅವನ ಹೆಂಡ್ತಿ ಮೂರು ದಿನ ರೊಟ್ಟಿ ಹಾಕ್ಯಾಳು, ನಾಕನೇ ದಿನ ಮಾರಿ ನೋಡ್ಯಾಳು. ಎಲ್ಲಾ ಗೊತ್ತದ. ಆದ್ರೂ ಒಲ್ಲೆ.” ಅವನ ದನಿಯಲ್ಲಿ ಭಯವಿದ್ದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಮಾವಾಸ್ಯೆಗೆ ಎರಡು ದಿನವಿದ್ದಾಗ ಮಾನ್ವಿಯ ಸಂತೆಗೆ ಸಾಹುಕಾರರೇ ಜೀಪಿನಲ್ಲಿ ಬಂದರು. ಬಂದವರು ನೇರ ಚಹಾದಂಗಡಿಯಲ್ಲಿ ನಾಲ್ಕು ಜನ ವ್ಯಾಪಾರಿಗಳ ನಡುವೆ ಕುಳಿತು, ಬೂದೆಪ್ಪನನ್ನು ಕರೆಸಿ, ಎಲ್ಲರಿಗೂ ಕೇಳುವಂತೆ, “ನಮ್ಮ ಬೂದೆಪ್ಪನ ಪಗಾರ ಹೆಚ್ಚು ಮಾಡಾಕತ್ತೀನ್ರೆಪಾ! ಚೀಲಕ್ಕ ಎಂಟಾಣೆ!” ಎಂದು ಸಾರಿದರು. ಅವರ ಉಪಾಯ ನನಗೆ ತಕ್ಷಣ ತಿಳಿಯಿತು. ಟವೆಲ್ಲಿನ ಕೆಳಗೆ ಸೋತವರು ಬಯಲಿನಲ್ಲಿ ಗೆಲ್ಲಲು ಬಂದಿದ್ದರು. ನಾಲ್ಕು ಜನರ ಮುಂದೆ ಧಣಿ ಕೊಟ್ಟದ್ದನ್ನು ಆಳು ಬೇಡ ಎನ್ನುವುದು ಹೇಗೆ?

ಬೂದೆಪ್ಪ ಕೈ ಮುಗಿದ. “ದೊಡ್ಡ ಮಾತು ಯಪ್ಪಾ. ನಾನೂ ಒಪ್ತೀನಿ, ನೀವೂ ಒಪ್ಪಿದ್ರ.”

“ನಾನೇನು ಒಪ್ಪೋದು?”

“ನೀವೂ ಚೀಲದ ಮ್ಯಾಲೇ ಊಟ ಮಾಡ್ರಿ. ಚೀಲ ಬಂದ ದಿನ ನಿಮ್ಮ ಮನ್ಯಾಗ ಒಲಿ ಹಚ್ಚಲಿ, ಬರದಿದ್ದ ದಿನ ಬ್ಯಾಡ. ಆಷಾಢದಾಗ ಇಬ್ಬರೂ ಕೂಡಿ ಕಟ್ಟಿ ಮ್ಯಾಲ ಉಪಾಸ ಕುಂದ್ರಮು. ಒಬ್ಬಾವ ಕುಂತ್ರ ಬ್ಯಾಸರ ಬರ್ತದ.”

ವ್ಯಾಪಾರಿಗಳಲ್ಲಿ ಒಬ್ಬನಿಗೆ ಚಹಾ ನೆತ್ತಿಗೇರಿತು. ಇನ್ನೊಬ್ಬ ತೊಡೆ ತಟ್ಟಿಕೊಂಡು ನಕ್ಕ. ಸಾಹುಕಾರರ ಮುಖ ಅಂಗಡಿಯ ಗೋಡೆಗೆ ಹೊಡೆಸಿದ್ದ ಬಣ್ಣಕ್ಕೆ ತಿರುಗಿತು. “ಮಳಿಗಾಲದಾಗ ನಿನಗ್ಯಾಕೋ ಕೊಡಬೇಕು ನಾ?” ಎಂದು ಗುಡುಗಿದರು.

“ಬ್ಯಾಸಗ್ಯಾಗ ಹೊಲದಾಗ ಗಳೇ ಹೊಡಿಯೂದಿಲ್ಲ ಅಂತ ಎತ್ತಿಗಿ ಮೇವು ನಿಲ್ಲಸ್ತೀರೇನ್ರಿ?”

“ನಾಳಿಂದ ಅಂಗಡಿಗಿ ಬರಬ್ಯಾಡ!”

ಬೂದೆಪ್ಪ ಮತ್ತೊಮ್ಮೆ ಕೈ ಮುಗಿದು, ಸಂಜೆಯ ಬಸ್ಸಿಗೆ ಮಸರಕಲ್ಲಿಗೆ ಹೊರಟುಹೋದ. ನಾನು ಆಗಲೇ ಮುಂದಿನ ಸಂತೆಯ ಚೀಲ ಎಣಿಸುತ್ತಿದ್ದೆ.

ಮುಂದಿನ ಮೂರು ವಾರ ಖರೀದಿಗೂ ನಾನೇ, ಬರೆಯುವುದಕ್ಕೂ ನಾನೇ. ದೇವದುರ್ಗದಲ್ಲಿ ಮೊದಲ ವಾರ ಎಲ್ಲರೂ “ಬೂದಣ್ಣ ಎಲ್ಲಿ?” ಎಂದು ಕೇಳಿದರು. ಎರಡನೆಯ ವಾರ ಯಾರೂ ಕೇಳಲಿಲ್ಲ; ಸುತ್ತಲ ಹಳ್ಳಿಗಳಲ್ಲಿ ಯಾರ ಯಾರ ಮನೆಯಲ್ಲಿ ಹಸಿ ಶೇಂಗಾ ಇತ್ತೋ ಅದೆಲ್ಲ ನಗುನಗುತ್ತ ನನ್ನ ಮುಂದೆ ಬಂದು ನಿಂತಿತು. ನಿಂಗಪ್ಪನ ನಲವತ್ತು ಚೀಲ ಮೊದಲನೆಯ ಸಾಲಿನಲ್ಲೇ ಇದ್ದವು. ನಾನೂ ಕಾಕಾನ ಹಾಗೆ ಒಂದು ಹಿಡಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದೆ. ನನಗೆ ಕೇಳಿಸಿದ್ದು ನಾಲ್ಕಾಣೆಯ ಗಲಗಲ ಮಾತ್ರ. “ಹಾಕ್ರಿ, ಹಾಕ್ರಿ” ಎಂದೆ. ಇನ್ನೂರು ಚೀಲ ದಾಟಿತು. ಸಾಹುಕಾರರು ಬೆನ್ನು ತಟ್ಟಿ, “ನೋಡಿದೇನು? ಆದೋನ್ಯಾಗ ಸುಮ್ನ ಮಾಡಿಲ್ಲ” ಎಂದರು.

ಹತ್ತು ದಿನದ ಮೇಲೆ ಖಾಜಾ ಗೋದಾಮಿನಿಂದ ಓಡಿ ಬಂದ. ಚೀಲದ ಸಾಲಿನ ನಡುವೆ ಕೈ ಹಾಕಿ ನೋಡಿದ್ದನಂತೆ. “ಸಾವ್ಕಾರ್ರೇ, ಹೋಟೆಲ್ಲಿಂದ ಚಹಾ ತರ್ಸೋದು ಬಿಡ್ರಿ. ಒಳಗ ಕೆಟ್ಲಿ ಇಟ್ರ ಅಲ್ಲೇ ಕುದೀತದ!” ಹೋಗಿ ನೋಡಿದರೆ ಚೀಲಗಳು ಜ್ವರ ಬಂದವರ ಮೈಯಂತೆ ಕಾದಿದ್ದವು. ಒಡೆದರೆ ಒಳಗೆ ಬೂಷ್ಟು, ಬೀಜದ ತುಂಬ ಹಸಿರು ಪುಡಿ. ಸಾಹುಕಾರರು ನನ್ನನ್ನು ನೋಡಿದರು. ನಾನು ತೂಗುಹಾಕಿದ್ದ ತಕ್ಕಡಿಯನ್ನು ನೋಡಿದೆ.

ಮರುದಿನ ಬೆಳಿಗ್ಗೆ ಜೀಪು ಮಸರಕಲ್ಲಿನ ದಾರಿ ಹಿಡಿಯಿತು. ನನ್ನನ್ನು ಹಿಂದೆ ಕೂಡಿಸಿಕೊಂಡಿದ್ದರು, ಸಾಕ್ಷಿಗೋ ಶಿಕ್ಷೆಗೋ ತಿಳಿಯದು. ಬೂದೆಪ್ಪ ಕುರಿ ದೊಡ್ಡಿಯಲ್ಲಿ ಸೊಪ್ಪು ಹಾಕುತ್ತಿದ್ದ. ಮೂರು ವಾರದಲ್ಲಿ ಮುಖ ಇಳಿದಿತ್ತು. ತಮ್ಮನ ಮನೆಯಲ್ಲಿ ಆ ನಾಲ್ಕನೆಯ ದಿನ ಬಂದುಹೋಗಿತ್ತೆಂದು ತೋರುತ್ತಿತ್ತು. ಸಾಹುಕಾರರು ಒಂದು ಮಾತೂ ಆಡದೆ ತಮ್ಮ ಹೆಗಲ ಮೇಲಿನ ಜರಿಯಂಚಿನ ಶಲ್ಯ ತೆಗೆದು ಎರಡೂ ಕೈಯಲ್ಲಿ ಹಿಡಿದರು. ಅತ್ತರಿನ ವಾಸನೆ ದೊಡ್ಡಿಗೆಲ್ಲ ಹರಡಿತು. ಎರಡು ಕುರಿ ಸೀನಿದವು.

ಬೂದೆಪ್ಪ ಶಲ್ಯ ಮುಟ್ಟಿ ನೋಡಿ, “ಇದರ ಕೆಳಗ ಬೆರಳು ಜಾರ್ತಾವ ಯಪ್ಪಾ” ಎಂದ. ತನ್ನ ಟವೆಲ್ಲನ್ನೇ ಹಾಸಿದ. ಸಾಹುಕಾರರು ಈ ಸಲ ಮುಖ ತಿರುಗಿಸಲಿಲ್ಲ. ಕುರಿಗಳ ನಡುವೆ ನಿಂತು ಅವರಿಬ್ಬರೂ ಏನು ಮಾತಾಡಿದರೋ, ಬೆರಳಿಗೆ ಗೊತ್ತು. ಬಹಳ ಹೊತ್ತು ಹಿಡಿಯಿತು. ಕೈ ಬಿಟ್ಟಾಗ ಸಾಹುಕಾರರು ನಿಟ್ಟುಸಿರು ಬಿಟ್ಟರು, ಬೂದೆಪ್ಪ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ತಿಂಗಳ ಪಗಾರ, ಬಸ್ ಚಾರ್ಜು, ಊಟ, ಧೋತರ, ಕಂಬಳಿ ಎಲ್ಲ ಮೊದಲಿನಂತೆ ನಡೆದವೆಂದು ಮಾತ್ರ ನನಗೆ ಗೊತ್ತು. ಹೆಚ್ಚಿಗೆ ಏನಾದರೂ ಬಂತೋ ಇಲ್ಲವೋ, ಅದನ್ನು ನನ್ನ ಮುಂದೆ ಬರೆಸಲಿಲ್ಲ.

ದಾರಿಯಲ್ಲಿ ನಾನು ಕಾಕಾನ ಕಿವಿಯಲ್ಲಿ, “ನಂದೂ ಒಂದು ಮಾತು ಹೇಳು, ನನ್ನ ಹಳೇ ಪಗಾರ…” ಎಂದೆ.

“ನಿನ್ನ ಎತ್ತು ನೀನೇ ಕೊಂಡಿ ತಮ್ಮಾ. ಮುಂಗಾರಿ ತನಕ ನೀನೇ ಮೇಯಿಸು” ಎಂದು ಅವನು ಆಚೆ ತಿರುಗಿದ.

ಆಗ ಸಿಟ್ಟು ಬಂದದ್ದು ನಿಜ. ಮಾಘದಲ್ಲಿ ಗಡಿಯಾರ ಮಾರಿದೆ, ಚೈತ್ರದಲ್ಲಿ ಸೈಕಲ್ಲು. ಊಟಕ್ಕೆ ಕುಳಿತಾಗ ಹೆಂಡತಿ ಸೌಟು ಎತ್ತಿ, “ಇವತ್ತ ಎಷ್ಟು ಚೀಲ ಬಂದಾವ್ರಿ? ಅಷ್ಟು ತುತ್ತು ಬಡಸ್ತೀನಿ” ಎನ್ನುತ್ತಿದ್ದಳು. ಆಷಾಢದ ಒಂದು ದಿನ ನಾನೇ ಸಾಹುಕಾರರ ಮುಂದೆ ನಿಂತು, “ನಾಕಾಣೆ ಒಲ್ಲೆರೀ, ತಿಂಗಳ ಪಗಾರ ಕೊಡ್ರಿ, ಇಲ್ಲಾಂದ್ರ ಬ್ಯಾರೆ ಅಂಗಡಿ ನೋಡ್ತೀನಿ” ಎಂದೆ. ಅವರು ಕೊಟ್ಟರು. ಆ ‘ಒಲ್ಲೆ’ ಒಂದು ಬಾಯಿಗೆ ಹತ್ತಿದ ಮೇಲೆ ವ್ಯಾಪಾರ ಕಲಿಯುವುದು ತಡವಾಗಲಿಲ್ಲ. ಐದಾರು ವರ್ಷಕ್ಕೆ ನಾನೂ ಗಂಜಿನಲ್ಲಿ ಸಣ್ಣದೊಂದು ಅಂಗಡಿ ಹಾಕಿದೆ.

ಅಂಗಡಿ ಹಾಕಿದ ಮೇಲೆ ಮೊದಲು ಮಾಡಿದ ಕೆಲಸ ಮಸರಕಲ್ಲಿಗೆ ಹೋದದ್ದು. ಬೂದೆಪ್ಪ ಆಗಲೇ ಸಾಹುಕಾರರ ನೌಕರಿ ಬಿಟ್ಟು ಮನೆ ಸೇರಿದ್ದ. ಬಹಳ ಸಣಕಲಾಗಿದ್ದ. ನಾನು ಅವನ ಮುಂದೆ ಕುಳಿತು, ಅವನದೇ ರೀತಿಯಲ್ಲಿ ಅವನ ಬೆರಳು ಹಿಡಿದು, ಸಾಹುಕಾರರು ಎಂದೂ ಕೊಟ್ಟಿರದಷ್ಟು ಪಗಾರ ಹೇಳಿದೆ. ಸಂತೆಗೆ ಹೋಗುವುದು ಬೇಡ, ಅಂಗಡಿಯಲ್ಲಿ ಕುಳಿತು ಬಂದ ಮಾಲು ನೋಡಿದರೆ ಸಾಕು ಎಂದೆ. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

“ಒಲ್ಲೆ ತಮ್ಮಾ.”

“ನನಗೂ ಒಲ್ಲೆ ಏನು ಕಾಕಾ? ನಾ ಏನು ಮೋಸ ಮಾಡೀನಿ?”

“ನೀ ಮಾಡಿಲ್ಲಲೇ. ಕಿವಿ ಮಾಡ್ಯಾದ. ಎಡಗಡೀದು ಪೂರಾ ಹೋಗ್ಯಾದ, ಬಲಗಡೀದು ಹೋಗಾಕತ್ತದ. ಯಾವ ಕಾಯಿ ಅಲ್ಲಾಡ್ಸಿದ್ರೂ ಹಸಿ ಅನಸ್ತದ. ನನ್ನ ಮಾತು ಕೇಳಿದ್ರ ನೀ ಒಂದು ಚೀಲಾನೂ ಕೊಳ್ಳಾಂಗಿಲ್ಲ.”

“ಸುಮ್ನ ಕುಂದ್ರು ಬಾ. ಪಗಾರ ಕೊಡ್ತೀನಿ.”

“ಸುಮ್ನ ಕುಂದ್ರಾಕ ನಮ್ಮ ಮನಿ ಮುಂದ ಕಟ್ಟಿ ಅದ. ಅದಕ್ಕ ಪಗಾರ ತಗೊಂಡ್ರ, ನಾಳಿ ನಿನ್ನ ಮುಂದ ಒಲ್ಲೆ ಅನ್ನಾಕ ನನಗ ಬಾಯಿ ಎಲ್ಲಿರ್ತದ?”

ಏಳುವ ಮೊದಲು ಬಹಳ ದಿನದಿಂದ ಕಾಡುತ್ತಿದ್ದದ್ದನ್ನು ಕಿವಿಯ ಹತ್ತಿರ ಬಗ್ಗಿ ಕೂಗಿ ಕೇಳಿದೆ: ಆ ದಿನ ಕುರಿ ದೊಡ್ಡಿಯಲ್ಲಿ ಸಾಹುಕಾರರು ಎಷ್ಟಕ್ಕೆ ಒಪ್ಪಿದರು? ಬೂದೆಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. “ಅದನ್ನ ಬಾಯಿಲೆ ಹೇಳಿದ್ರ ನಾ ಎಂಥಾ ದಲಾಲಿನೋ?” ಎಂದ. ಮರುವರ್ಷ ಕಾರ್ತೀಕದಲ್ಲಿ, ಮಾನ್ವಿಯ ಸಂತೆಯಲ್ಲಿ ನಾನು ಮಾಲು ನೋಡುತ್ತಿದ್ದಾಗ ಅವನು ಹೋದ ಸುದ್ದಿ ಬಂತು. ಆ ದಿನ ನಾನು ಒಂದು ಚೀಲವನ್ನೂ ಕೊಳ್ಳಲಿಲ್ಲ. ರೈತರು ಯಾರೂ ಯಾಕೆಂದು ಕೇಳಲಿಲ್ಲ. ಅವರೂ ಬಂಡಿ ತಿರುಗಿಸುತ್ತಿದ್ದರು.

ಓದುವವರಲ್ಲಿ ನೌಕರಿ ಮಾಡುವವರು ಇದ್ದರೆ ಎರಡು ಮಾತು ಹೇಳುತ್ತೇನೆ, ಪುಕ್ಕಟೆ. ಧಣಿಗಳು ಪಗಾರ ಬದಲಿಸುವ ಮಾತು ತಂದ ದಿನ ಉತ್ತರ ಕೊಡಬೇಡಿ. ಅವರು ಅದನ್ನು ಒಂದು ತಿಂಗಳು ಯೋಚಿಸಿರುತ್ತಾರೆ, ನೀವು ಒಂದು ರಾತ್ರಿಯಾದರೂ ಯೋಚಿಸಿ. ಊಟ, ಬಸ್ ಚಾರ್ಜು ಎಂದು ಸಣ್ಣದಾಗಿ ಬರುವುದನ್ನು ಮೊದಲು ಬಿಟ್ಟುಕೊಡಬೇಡಿ. ಅವರು ಮೊದಲು ಅದನ್ನೇ ಕೇಳುತ್ತಾರೆಂದರೆ ಅದರಲ್ಲಿ ಏನೋ ಇದೆ ಎಂದರ್ಥ. ಮತ್ತು ‘ಒಲ್ಲೆ’ ಎನ್ನುವ ಮೊದಲು ಮನೆಗೆ ಹೋಗಿ ಜೋಳದ ಚೀಲ ನೋಡಿ. ಒಂದು ತಿಂಗಳಿಗೆ ಸಾಲುವಷ್ಟಿದ್ದರೆ ನಾಳೆಯೇ ಹೇಳಿ. ಇಲ್ಲದಿದ್ದರೆ ‘ವಿಚಾರ ಮಾಡ್ತೀನ್ರಿ’ ಎಂದು ಕೈ ಮುಗಿದು ಬನ್ನಿ, ಜೋಳ ಕೂಡಿಸಿಕೊಳ್ಳಿ, ಆಮೇಲೆ ಹೇಳಿ. ಇನ್ನು ನಿಮ್ಮಲ್ಲಿ ಯಾರಾದರೂ ನನ್ನ ಹಾಗೆ ಅಂಗಡಿ ಇಟ್ಟವರಿದ್ದರೆ, ‘ಹೂಂ’ ಎನ್ನುವವರನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಿ. ಜೊತೆಗೆ ನಿಮ್ಮ ಮುಖ ನೋಡಿಯೇ ‘ಬೇಡ’ ಎನ್ನುವವನೊಬ್ಬನನ್ನು ಹುಡುಕಿ ಇಟ್ಟುಕೊಳ್ಳಿ. ಅವನಿಗೆ ಮಳೆಗಾಲದಲ್ಲೂ ಪಗಾರ ಕೊಡಿ.